ಸವೆಯಲೆಂದೇ ಇರುವ ಭಾಗ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಲಾರಿ ಚಾಲಕರೊಬ್ಬರ ಮಕ್ಕಳು. ವಿಷಯ ಯಾವುದಾದರೂ ಇರಲಿ, ರಸ್ತೆಯ ಮೇಲೆ ದುಡಿಯುವವರಿಗೆ ಉಪಯೋಗಕ್ಕೆ ಬರಬೇಕು ಎಂಬ ಒಂದೇ ಷರತ್ತನ್ನು ಅವರು ಹಾಕಿದ್ದಾರೆ. ಎಂಜಿನ್ನಿನ ಬಗ್ಗೆ, ಮೈಲೇಜಿನ ಬಗ್ಗೆ ಮಾತಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಗಾಡಿ ಕೊಳ್ಳುವಾಗ ಶೋರೂಮಿನಲ್ಲಿ ಬ್ರೇಕಿನ ಬಗ್ಗೆ ಪ್ರಶ್ನೆ ಕೇಳಿದವರನ್ನು ಮಾತ್ರ ನಾನು ಅಷ್ಟಾಗಿ ಕಂಡಿಲ್ಲ. ಆದ್ದರಿಂದ ಇವತ್ತು ಬ್ರೇಕು.

ಶಿರಾಡಿ ಘಟ್ಟದಲ್ಲೋ ಅರಬೈಲು ಘಟ್ಟದಲ್ಲೋ ಲಾರಿ ಉರುಳಿತೆಂದು ಸುದ್ದಿ ಬಂದರೆ, ಬ್ರೇಕ್ ವಿಫಲವಾದದ್ದು ಕಾರಣ ಎಂಬ ಸಾಲು ಜೊತೆಗೇ ಬರುತ್ತದೆ. ಓದಿದವರು ವಿಧಿಯನ್ನು ಹಳಿದು ಪುಟ ತಿರುವುತ್ತಾರೆ. ಬ್ರೇಕು ಯಾವ ಸುಳಿವನ್ನೂ ಕೊಡದೆ ಒಮ್ಮೆಲೇ ಕೈಕೊಡುವುದು ಬಹಳ ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದು ಮಾಡಿ, ವಾಸನೆ ಬೀರಿ, ಪೆಡಲಿನಲ್ಲಿ ವ್ಯತ್ಯಾಸ ತೋರಿಸಿ ಹೇಳಿಕೊಂಡಿರುತ್ತದೆ. ಆ ಸೂಚನೆ ತಲುಪುವುದು ಚಾಲಕನ ಕಾಲಿಗೆ. ಹೊಸ ಲೈನರಿಗೆ ದುಡ್ಡು ಬಿಚ್ಚಬೇಕಾದದ್ದು ಮಾಲೀಕನ ಕೈ. ಇವೆರಡರ ನಡುವಿನ ದೂರವೇ ನನ್ನ ಉಪನ್ಯಾಸದ ವಿಷಯ. ಮೊದಲು ಯಂತ್ರವನ್ನು ನೋಡಿ ಆಮೇಲೆ ಮನುಷ್ಯರ ಕಡೆಗೆ ಬರುತ್ತೇನೆ.

ಬ್ರೇಕು ಓಟವನ್ನು ಶಾಖವಾಗಿ ಬದಲಿಸುವ ಸಾಧನ. 1,200 ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದು ನಿಂತಿತೆಂದರೆ ಸುಮಾರು 167 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಅರ್ಧ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಅದು ಒಮ್ಮೆ ನಿಂತ ಲೆಕ್ಕ. ವೇಗ 120ಕ್ಕೆ ಏರಿದರೆ ಶಕ್ತಿ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಈಗ ಘಟ್ಟಕ್ಕೆ ಬನ್ನಿ. ಹತ್ತು ಚಕ್ರದ ಲಾರಿಗೆ ಕಾನೂನು ಒಪ್ಪುವ ಒಟ್ಟು ತೂಕ 28.5 ಟನ್. ಅದು ಎತ್ತರದಲ್ಲಿ 500 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಹತ್ತಿರ ಹತ್ತಿರ 140 ಮೆಗಾಜೂಲ್: 400 ಲೀಟರಿಗೂ ಹೆಚ್ಚು ನೀರನ್ನು ಕುದಿಸುವಷ್ಟು, ಅಥವಾ ನಾಲ್ಕು ಲೀಟರ್ ಡೀಸೆಲ್ ಉರಿದಷ್ಟು. ಸರಿಯಾದ ಗೇರಿನಲ್ಲಿದ್ದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ಗೆ ಹಾಕಿ ಇಳಿಸಿದರೆ ಹೆಚ್ಚುಕಡಿಮೆ ಅಷ್ಟೂ ಡ್ರಮ್ಮುಗಳ ಪಾಲಿಗೆ ಬರುತ್ತದೆ.

ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರಿಗೆ ಒಂದು ಮಾತು. ಈಗಿನ ಎಂಜಿನ್ನುಗಳಲ್ಲಿ ಗೇರ್ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರೈಕೆಯೇ ನಿಂತುಹೋಗುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಐಡಲಿಂಗಿನಲ್ಲಿ ಇಂಧನ ಕುಡಿಯುತ್ತದೆ. ಅಂದರೆ ಪ್ರಾಣವನ್ನು ಪಣಕ್ಕಿಟ್ಟು ಉಳಿಸಿದ್ದು ಸೊನ್ನೆಗಿಂತಲೂ ಕಡಿಮೆ. ಎಂಜಿನ್ನನ್ನೇ ಆರಿಸಿ ಇಳಿಸುವವರೂ ಇದ್ದಾರೆ. ಅವರದು ಇನ್ನೂ ಕಷ್ಟ. ಕಾರಿನಲ್ಲಾದರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಕಾಲಿನ ಬಲ ಹೆಚ್ಚಿಸುವ ಬೂಸ್ಟರಿನ ಸಹಾಯ ಮುಗಿದು ಪೆಡಲ್ ಕಲ್ಲಾಗುತ್ತದೆ. ಏರ್ ಬ್ರೇಕಿನ ಲಾರಿಯಲ್ಲಾದರೆ ಗಾಳಿ ತುಂಬುವ ಕಂಪ್ರೆಸರ್ ನಿಂತು, ತುಳಿದಷ್ಟೂ ಟ್ಯಾಂಕಿನ ಗಾಳಿ ಖಾಲಿಯಾಗುತ್ತ ಹೋಗುತ್ತದೆ.

ಈ ಶಾಖವನ್ನು ಹೊರುವ ಭಾಗ ಸವೆಯಲೇಬೇಕು. ಡಿಸ್ಕ್ ಬ್ರೇಕಿನಲ್ಲಿ ಅದು ಪ್ಯಾಡು, ಡ್ರಮ್ ಬ್ರೇಕಿನಲ್ಲಿ ಶೂ ಮೇಲಿನ ಲೈನರು. ಸವೆದು ಹೋಗಲೆಂದೇ, ಬದಲಿಸಲೆಂದೇ ಮಾಡಿದ ಭಾಗಗಳಿವು. ಇದನ್ನು ಮೊದಲು ರಸ್ತೆಯಲ್ಲೇ ಕಂಡುಕೊಂಡವರು ಬರ್ತಾ ಬೆಂಜ್. 1888ರ ಆಗಸ್ಟಿನಲ್ಲಿ ಗಂಡ ಕಾರ್ಲ್ ಬೆಂಜ್‌ಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಮೋಟಾರು ಗಾಡಿಯಲ್ಲಿ ಹೊರಟ ಆಕೆಗೆ, ಇಳಿಜಾರುಗಳಲ್ಲಿ ಮರದ ಬ್ರೇಕ್ ತುಂಡುಗಳು ಸವೆದು ಹಿಡಿತ ತಪ್ಪುತ್ತಿರುವುದು ಗೊತ್ತಾಯಿತು. ದಾರಿಯಲ್ಲಿ ಸಿಕ್ಕ ಚಪ್ಪಲಿ ಹೊಲಿಯುವವರ ಬಳಿ ಆ ತುಂಡುಗಳಿಗೆ ಚರ್ಮ ಹೊಡೆಸಿ ಮುಂದಕ್ಕೆ ಹೋದರು. ಮೋಟಾರು ಗಾಡಿಯ ಬ್ರೇಕ್ ಲೈನಿಂಗಿನ ಚರಿತ್ರೆ ಅಲ್ಲಿಂದ ಶುರು. ಗಾಡಿ ಓಡಿಸಿದವರು, ದೋಷ ಗುರುತಿಸಿದವರು, ರಿಪೇರಿಗೆ ಹಣ ಕೊಟ್ಟವರು ಎಲ್ಲ ಒಬ್ಬರೇ ಆಗಿದ್ದರು ಎನ್ನುವುದನ್ನು ಮಾತ್ರ ನೆನಪಿಡಿ.

ಈಗ ಗುರುತಿಸುವ ವಿದ್ಯೆ. ಹೊಸ ಕಾರಿನ ಪ್ಯಾಡಿನಲ್ಲಿ ಘರ್ಷಣೆಯ ಪದರ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ಇರುತ್ತದೆ. 3 ಮಿಲಿಮೀಟರಿಗೆ ಇಳಿದಾಗ ಬದಲಿಸುವುದು ವಿವೇಕ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಮಿತಿ ಇದ್ದರೆ ಅದೇ ಅಂತಿಮ. ಹಲವು ಪ್ಯಾಡುಗಳಲ್ಲಿ ತೆಳುವಾದ ಲೋಹದ ನಾಲಗೆಯೊಂದಿರುತ್ತದೆ. ಪದರ ಸವೆದು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀರಲು ಸದ್ದು ಹೊರಡಿಸುತ್ತದೆ. ಇದು ಬೇಕೆಂದೇ ಇಟ್ಟ ಏರ್ಪಾಡು. ಈ ಸದ್ದನ್ನು ತಡೆಯಲು ಪ್ಯಾಡಿಗೆ ಉಪ್ಪುಕಾಗದ ಉಜ್ಜಿಸಿಕೊಂಡು ಹೋಗುವವರು ಉಂಟು. ಕೀರಲು ಸದ್ದು ಹೋಗಿ ಗರಗರ ಎಂದು ಉಜ್ಜುವ ಸದ್ದು ಬಂತೆಂದರೆ ಪದರ ಮುಗಿದಿದೆ, ಲೋಹ ಲೋಹವನ್ನು ಕೆರೆಯುತ್ತಿದೆ. ಪ್ಯಾಡಿನಲ್ಲಿ ಮುಗಿಯಬೇಕಾದ ಖರ್ಚು ಅಲ್ಲಿಂದ ಡಿಸ್ಕಿಗೂ ಹತ್ತುತ್ತದೆ. ಮಳೆಯಲ್ಲಿ ನಿಂತ ಗಾಡಿಯನ್ನು ಬೆಳಿಗ್ಗೆ ತೆಗೆದಾಗ ಕೇಳುವ ಸದ್ದು ಬೇರೆ. ಅದು ಡಿಸ್ಕಿನ ಮೇಲೆ ರಾತ್ರಿ ಕೂತ ತುಕ್ಕು, ನಾಲ್ಕು ಸಲ ತುಳಿದರೆ ಹೋಗುತ್ತದೆ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇಷ್ಟು ಸಾವಿರ ಕಿಲೋಮೀಟರಿಗೆ ಪ್ಯಾಡ್ ಬದಲಿಸಿ ಎಂದು ಸಂಖ್ಯೆ ಹೇಳಿ ಎಂದು ಎಲ್ಲರೂ ಕೇಳುತ್ತಾರೆ. ನಾನು ಹೇಳುವುದಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನಾ ತೆವಳುವ ಕಾರಿಗೂ ಹಿರಿಯೂರು ಚಿತ್ರದುರ್ಗದ ಹೆದ್ದಾರಿಯಲ್ಲಿ ಓಡುವ ಅದೇ ಮಾಡೆಲ್ಲಿನ ಕಾರಿಗೂ ಒಂದೇ ಲೆಕ್ಕ ಹೇಗೆ ಕೂಡುತ್ತದೆ? ಕಿಲೋಮೀಟರ್ ನೋಡುವುದು ಚಕ್ರ ಬಿಚ್ಚಿಸಬೇಕು ಎಂದು ನೆನಪಾಗಲು. ಬದಲಿಸಬೇಕೋ ಬೇಡವೋ ಎಂಬುದನ್ನು ಕಣ್ಣು, ಅಳತೆ ನಿರ್ಧರಿಸಬೇಕು. ಚಕ್ರ ಬಿಚ್ಚಿದ ಮೇಲೂ ಹೊರಗಿನ ಪ್ಯಾಡನ್ನಷ್ಟೇ ನೋಡಿ ಮುಚ್ಚಬೇಡಿ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಹಿಡಿದುಕೊಂಡಿದ್ದರೆ ಒಳಗಿನ ಪ್ಯಾಡು ಪೂರ್ತಿ ಮುಗಿದು ಹೊರಗಿನದು ಹೊಸದರಂತೆ ಉಳಿದಿರುತ್ತದೆ. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪವನ್ನು ಕೊರೆದಿರುತ್ತಾರೆ, ಡ್ರಮ್ಮಿನ ಮೇಲೆ ಗರಿಷ್ಠ ಒಳವ್ಯಾಸವನ್ನು. ಲೇತ್ ಹಾಕಿಸಿ ಹಾಕಿಸಿ ಆ ಮಿತಿ ದಾಟಿದ ಡ್ರಮ್ಮು ಎಷ್ಟು ನುಣುಪಾಗಿ ಕಂಡರೂ ಗುಜರಿಗೇ ಹೋಗಬೇಕು.

ನನಗೆ ಎಲ್ಲಕ್ಕಿಂತ ಆಸಕ್ತಿಯ ವಿಷಯ ಬ್ರೇಕ್ ಆಯಿಲ್. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ಮುಂದಕ್ಕೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಆಯಿಲ್ ಹೋಗುತ್ತದೆ, ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಅಂದರೆ ಚಕ್ರ ಬಿಚ್ಚದೆಯೇ ಪ್ಯಾಡಿನ ಸ್ಥಿತಿಯ ಒಂದು ಅಂದಾಜು ಅಲ್ಲಿ ಕಾಣುತ್ತದೆ. ನಾವು ಮಾಡುವುದೇನು? ಸರ್ವಿಸಿಗೆ ಹೋದಾಗ ಹುಡುಗ ಮಟ್ಟ ಕಡಿಮೆಯಿದೆ ಎಂದು ಮೇಲಿನ ಗೆರೆಯವರೆಗೆ ಸುರಿದುಬಿಡುತ್ತಾನೆ, ಬಿಲ್ಲಿನಲ್ಲಿ ಟಾಪ್‌ಅಪ್ ಎಂದು ಬರೆಯುತ್ತಾನೆ. ಇದ್ದ ಒಂದು ಸಾಕ್ಷಿಯೂ ಅಳಿಸಿಹೋಯಿತು. ಮುಂದೆ ಹೊಸ ಪ್ಯಾಡ್ ಹಾಕಿ ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಅದೇ ಆಯಿಲ್ ಉಕ್ಕಿ ಹೊರಚೆಲ್ಲಿ ಪೇಂಟ್ ಕಿತ್ತು ತರುತ್ತದೆ. ಮಟ್ಟ ಇಳಿದಿದ್ದರೆ ಮೊದಲು ಪ್ಯಾಡ್ ನೋಡಬೇಕು. ಪ್ಯಾಡ್ ದಪ್ಪವಾಗಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಆಗ ಗಾಡಿ ಹೊರಡಲೇಬಾರದು. ಎಷ್ಟೋ ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿನ ಕೆಂಪು ದೀಪವೇ ಆಯಿಲ್ ಮಟ್ಟದ ದೀಪವೂ ಹೌದು. ಹ್ಯಾಂಡ್‌ಬ್ರೇಕ್ ಇಳಿಸಿದ್ದರೂ ದೀಪ ಮಿನುಗುತ್ತಿದೆ, ಸ್ವಿಚ್ ಕೆಟ್ಟಿರಬೇಕು ಎಂದುಕೊಂಡು ತಿಂಗಳುಗಟ್ಟಲೆ ಓಡಿಸುತ್ತಾರೆ.

ಈ ಆಯಿಲ್ ನಿಜವಾಗಿ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಿತಿ 140. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ, ನಾವು ಗಾಡಿ ಮಾರುವವರೆಗೂ ಬದಲಿಸುವುದಿಲ್ಲ. ಊರೊಳಗೆ ಓಡಾಡುವಾಗ ಏನೂ ಗೊತ್ತಾಗದು. ಮಡಿಕೇರಿಯಿಂದ ಸಂಪಾಜೆಗೆ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದಾಗ ಕ್ಯಾಲಿಪರಿನ ಬಳಿ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಅರ್ಧ ಗಂಟೆ ಬಿಟ್ಟು ಮೆಕ್ಯಾನಿಕ್ ಬಂದು ನೋಡಿದರೆ ಬ್ರೇಕು ಸರಿಯಾಗೇ ಇರುತ್ತದೆ! ಆವಿ ಆರಿ ಮತ್ತೆ ದ್ರವವಾಗಿರುತ್ತದೆ. ಚಾಲಕನ ಮಾತನ್ನು ಯಾರೂ ನಂಬುವುದಿಲ್ಲ.

ಪೆಡಲಿನ ಭಾಷೆಯನ್ನು ದಿನವೂ ಓಡಿಸುವವರು ಬೇಗ ಕಲಿಯುತ್ತಾರೆ. ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲ್ ಹೋಗಿದೆ. ತುಳಿದಾಗ ಕಾಲಿಗೆ ಅಲೆಯಲೆಯಾಗಿ ನಡುಕ ಬಂದರೆ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲ. ಎಬಿಎಸ್ ಕೆಲಸ ಮಾಡುವಾಗ ಬರುವ ನಡುಕವನ್ನು ಇದರೊಂದಿಗೆ ಸೇರಿಸಬೇಡಿ. ಗಾಡಿ ಒಂದು ಕಡೆಗೆ ಎಳೆದರೆ ಒಂದು ಬದಿಯ ಬ್ರೇಕು ಹಿಡಿಯುತ್ತಿಲ್ಲ, ಅಥವಾ ಇನ್ನೊಂದು ಬದಿಯದು ಬಿಡುತ್ತಿಲ್ಲ. ನಿಂತ ಮೇಲೆ ಒಂದೇ ಚಕ್ರದಿಂದ ಸುಟ್ಟ ವಾಸನೆ ಬಂದರೆ ಎರಡನೆಯದೇ ಖಚಿತ. ಬೂಸ್ಟರ್ ಪರೀಕ್ಷೆಗೆ ಗ್ಯಾರೇಜ್ ಬೇಕಿಲ್ಲ: ಎಂಜಿನ್ ಆರಿಸಿ ಪೆಡಲ್ ಗಟ್ಟಿಯಾಗುವವರೆಗೆ ಕೆಲವು ಸಲ ತುಳಿಯಿರಿ, ತುಳಿದೇ ಇಟ್ಟುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಇಲ್ಲಿ ಕೂತಿರುವ ಬಹುಪಾಲು ಮಂದಿ ಬಂದಿರುವುದು ಬೈಕು, ಸ್ಕೂಟರುಗಳಲ್ಲಿ. ಹಿಂಬದಿಯ ಡ್ರಮ್ ಬ್ರೇಕಿನಲ್ಲಿ ಹಿಡಿತ ಕಡಿಮೆಯಾದರೆ ನಾವು ಮಾಡುವುದು ಒಂದೇ, ನಟ್ ಬಿಗಿ ಮಾಡುವುದು. ಮತ್ತೆ ಕಡಿಮೆಯಾದರೆ ಮತ್ತೆ ಬಿಗಿ. ಥ್ರೆಡ್ ಮುಗಿಯುವವರೆಗೂ ಇದು ನಡೆಯುತ್ತದೆ. ಒಳಗೆ ಏನಾಗುತ್ತಿದೆ? ಶೂ ಸವೆದಷ್ಟೂ ಅದನ್ನು ಅಗಲಿಸುವ ಕ್ಯಾಮ್ ಹೆಚ್ಚು ಹೆಚ್ಚು ತಿರುಗಬೇಕಾಗುತ್ತದೆ. ರಾಡಿಗೂ ಬ್ರೇಕಿನ ಕೈಗೂ ನಡುವಿನ ಕೋನ ತೊಂಬತ್ತು ಡಿಗ್ರಿ ದಾಟಿದ ಮೇಲೆ ನೀವು ಎಷ್ಟು ಬಲವಾಗಿ ತುಳಿದರೂ ಶೂಗೆ ತಲುಪುವ ಬಲ ಕಡಿಮೆಯಾಗುತ್ತ ಹೋಗುತ್ತದೆ. ಬಹಳಷ್ಟು ಬೈಕುಗಳಲ್ಲಿ ಡ್ರಮ್ಮಿನ ಮುಚ್ಚಳದ ಮೇಲೆ ಒಂದು ಪುಟ್ಟ ಬಾಣದ ಗುರುತಿರುತ್ತದೆ. ಬ್ರೇಕ್ ಒತ್ತಿದಾಗ ಆ ಬಾಣ ಎದುರಿನ ಗುರುತನ್ನು ಮುಟ್ಟಿತೆಂದರೆ ಶೂ ಮುಗಿದಿದೆ. ಸಭೆ ಮುಗಿದು ಹೊರಟಾಗ ಬಗ್ಗಿ ನೋಡಿ. ಕಾಸು ಖರ್ಚಿಲ್ಲ.

ಗ್ಯಾರೇಜಿನವರಿಗೆ, ಮುಂದೆ ಗ್ಯಾರೇಜ್ ನಡೆಸಲಿರುವ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಾದ ನಿಮಗೆ, ಕೆಲವು ಮಾತು. ಡ್ರಮ್ ಬಿಚ್ಚಿದೊಡನೆ ಒಳಗಿನ ಪುಡಿಯನ್ನು ಬಾಯಿಂದಲೋ ಏರ್ ಹೋಸಿನಿಂದಲೋ ಊದುವ ಅಭ್ಯಾಸ ಬಿಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಹಲವು ದಶಕಗಳ ಮೇಲೆ ರೋಗವಾಗಿ ಕಾಣುತ್ತದೆ. ನಿಮ್ಮ ಕೈಗೆ ಬಂದ ಲೈನರಿನಲ್ಲಿ ಅದಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು. ಒದ್ದೆ ಬಟ್ಟೆಯಿಂದ ಒರೆಸಿ. ಒಂದು ಚಕ್ರದ ಶೂ ಮಾತ್ರ ಬದಲಿಸಿ ಕಳಿಸಬೇಡಿ, ಒಂದು ಆಕ್ಸಲಿನ ಎರಡೂ ಬದಿ ಒಟ್ಟಿಗೆ ಬದಲಾಗಬೇಕು. ಬ್ರೇಕ್ ಆಯಿಲ್ ಸಿಗಲಿಲ್ಲವೆಂದು ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಹಾಳಾಗುತ್ತದೆ. ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ಕೂತು ಹಿಡಿಯಲು ಸ್ವಲ್ಪ ಓಟ ಬೇಕು. ಸಂಜೆ ಲೈನರ್ ಹಾಕಿಸಿ ರಾತ್ರಿಯೇ ತುಂಬಿದ ಲೋಡಿನೊಂದಿಗೆ ಘಟ್ಟ ಇಳಿಸುವ ಮಾಲೀಕರಿಗೆ ಇದನ್ನು ಹೇಳುವ ಧೈರ್ಯ ನಿಮಗಿರಬೇಕು. ಹೇಳಿದರೆ ಗಿರಾಕಿ ತಪ್ಪಬಹುದು, ನಿಜ.

ಏರ್ ಬ್ರೇಕಿನ ಲಾರಿಗಳದು ಬೇರೆಯೇ ಕಥೆ, ಅಲ್ಲಿ ತುಸು ನಿಲ್ಲುತ್ತೇನೆ. ಶಾಖಕ್ಕೆ ಡ್ರಮ್ ಹಿಗ್ಗುತ್ತದೆ, ಹಿಗ್ಗಿದಾಗ ಶೂನಿಂದ ದೂರ ಸರಿಯುತ್ತದೆ. ಆ ಅಂತರ ತುಂಬಲು, ಗಾಳಿಯ ಒತ್ತಡಕ್ಕೆ ಹೊರಬಂದು ಶೂವನ್ನು ಅಗಲಿಸುವ ಪುಶ್‌ರಾಡ್ ಇನ್ನಷ್ಟು ಹೊರಬರಬೇಕು. ಈ ಓಟವನ್ನು ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಸರಿಯಾಗಿದ್ದರೆ ಅದಕ್ಕೆ ಜಾಗ ಉಳಿದಿರುತ್ತದೆ. ಅಡ್ಜಸ್ಟ್ ಮಾಡದೆ ಬಿಟ್ಟಿದ್ದರೆ, ತಣ್ಣಗಿರುವಾಗಲೇ ಪುಶ್‌ರಾಡ್ ತನ್ನ ಮಿತಿಯ ಹತ್ತಿರ ಬಂದಿರುತ್ತದೆ. ಅಂಥ ಲಾರಿ ಯಾರ್ಡಿನಲ್ಲಿ ಚೆನ್ನಾಗಿ ನಿಲ್ಲುತ್ತದೆ, ಸಕಲೇಶಪುರದವರೆಗೂ ಚೆನ್ನಾಗಿ ನಿಲ್ಲುತ್ತದೆ, ಘಟ್ಟದ ನಡುವೆ ಕಾದ ಮೇಲೆ ನಿಲ್ಲುವುದಿಲ್ಲ. ಸಮತಟ್ಟು ನೆಲದಲ್ಲಿ, ತಣ್ಣಗಿರುವ ಡ್ರಮ್ಮಿನಲ್ಲಿ, ಖಾಲಿ ಗಾಡಿಯಲ್ಲಿ ಮಾಡಿದ ಪರೀಕ್ಷೆಯನ್ನು ನಾನು ಅರ್ಧ ಪರೀಕ್ಷೆ ಎನ್ನುವುದು ಇದಕ್ಕೇ. ಘಟ್ಟ ಶುರುವಾಗುವ ಮೊದಲು ಲಾರಿ ನಿಲ್ಲಿಸಿ ಗಾಳಿಯ ಮೀಟರ್ ನೋಡುವುದು, ಪುಶ್‌ರಾಡಿನ ಓಟ ನೋಡುವುದು, ಟ್ಯಾಂಕಿನ ನೀರು ಬಿಡುವುದು: ಇವುಗಳಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯುವುದು ಹಳೆಯ ಚಾಲಕರ ಕ್ರಮ; ಈಗಿನ ಲಾರಿಗಳಲ್ಲಿ ಅದಕ್ಕಿಂತಲೂ ಕೆಳಗಿನ ಗೇರ್ ಬೇಕಾಗಬಹುದು.

ಅದೇ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ರೈಲು ಮಾರ್ಗವೂ ಘಟ್ಟ ಇಳಿಯುತ್ತದೆ, 50ಕ್ಕೆ 1ರ ಇಳಿಜಾರಿನಲ್ಲಿ. ರೈಲ್ವೆಯಲ್ಲಿ ಬ್ರೇಕ್ ಪವರ್ ಸರ್ಟಿಫಿಕೇಟ್ ಎಂಬ ಕಾಗದವಿದೆ. ಗಾಡಿಯಲ್ಲಿ ಎಷ್ಟು ಬ್ರೇಕುಗಳು ಕೆಲಸ ಮಾಡುತ್ತಿವೆ ಎಂದು ಪರೀಕ್ಷಿಸಿದ ಸಿಬ್ಬಂದಿಯ ಜೊತೆಗೆ ಲೋಕೋ ಪೈಲಟ್, ಗಾರ್ಡ್ (ಈಗಿನ ಹೆಸರು ಟ್ರೇನ್ ಮ್ಯಾನೇಜರ್) ಕೂಡ ಅದಕ್ಕೆ ಸಹಿ ಹಾಕುತ್ತಾರೆ. ಹೊರಟ ಮೇಲೂ ಪೈಲಟ್ ಒಮ್ಮೆ ಬ್ರೇಕ್ ಹಾಕಿ ಹಿಡಿತದ ಅಂದಾಜು ತೆಗೆದುಕೊಳ್ಳುತ್ತಾರೆ. ಅಪಾಯದಲ್ಲಿ ಕೂರುವವನ ಸಹಿ ಇಲ್ಲದೆ ಗಾಡಿ ಹೊರಡದು.

ರಸ್ತೆಯಲ್ಲಿ ಏನಿದೆ? ಸರಕು, ಪ್ರಯಾಣಿಕರ ವಾಹನಗಳಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ. ಸ್ವಂತ ಕಾರು, ಬೈಕುಗಳಿಗಾದರೆ ನೋಂದಣಿಯ 15 ವರ್ಷ ಮುಗಿಯುವವರೆಗೆ ಬ್ರೇಕ್ ನೋಡಿಸಿ ಎಂದು ಕಾನೂನು ಕೇಳುವುದೇ ಇಲ್ಲ. ಎಫ್‌ಸಿಗೆ ಮುಂಚೆ ಲೈನರ್ ಹಾಕಿಸುವುದು, ಎಫ್‌ಸಿ ಆದ ಮೇಲೆ ಮುಂದಿನ ಎಫ್‌ಸಿವರೆಗೆ ಮರೆಯುವುದು, ಇದು ನಮ್ಮ ರೂಢಿ. ಎಫ್‌ಸಿ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಘಟ್ಟದ ಲಾರಿಯ ಲೈನರ್ ಒಂದು ಮಳೆಗಾಲದಲ್ಲೇ ಮುಗಿಯಬಹುದು.

ಆದರೆ ಕಾನೂನು ಇನ್ನೊಂದು ಕಡೆ ಬಹಳ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನಗಳ ಕಾಯ್ದೆಯ 190ನೇ ಕಲಮು ಅಪಾಯಕಾರಿ ದೋಷವಿರುವ ವಾಹನವನ್ನು ಓಡಿಸುವವನನ್ನು ಮಾತ್ರವಲ್ಲ, ಓಡಿಸಲು ಬಿಡುವವನನ್ನೂ ಶಿಕ್ಷಿಸುತ್ತದೆ. ಗೊತ್ತಿದ್ದ ದೋಷವೇ ಆಗಬೇಕಿಲ್ಲ. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವಾದರೂ ಸಾಕು. 2019ರ ತಿದ್ದುಪಡಿಯ ನಂತರ ದಂಡ 1,500 ರೂಪಾಯಿವರೆಗೆ. ಆ ದೋಷದಿಂದ ಅಪಘಾತವಾಗಿ ಗಾಯವೋ ನಷ್ಟವೋ ಆದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ಒಂದು ಜೊತೆ ಲೈನರಿನ ಬೆಲೆಯ ಎದುರು ಈ ದಂಡ ಯಾರನ್ನು ಹೆದರಿಸೀತು ಎಂದು ಕೇಳಬಹುದು. ಪರಿಹಾರದ ಮೊಕದ್ದಮೆಯಲ್ಲಿ ಮಾತ್ರ ಲೆಕ್ಕ ಬೇರೆ. 1977ರ ಮಿನು ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರ ಸಾರ ಇದು: ಯಾಂತ್ರಿಕ ದೋಷದಿಂದ ಅಪಘಾತವಾಯಿತು ಎನ್ನುವ ಮಾಲೀಕನೇ ಅದನ್ನು ರುಜುವಾತುಪಡಿಸಬೇಕು, ತಕ್ಕ ಎಚ್ಚರ ವಹಿಸಿದರೂ ದೋಷ ಕಾಣದಂತೆ ಅಡಗಿತ್ತು ಎಂದು ತೋರಿಸಬೇಕು. ಇಂಗ್ಲೆಂಡಿನ ಹೆಂಡರ್ಸನ್ ಪ್ರಕರಣ ಇನ್ನೂ ಬಿಗಿ. ಇಳಿಜಾರಿನಲ್ಲಿ ಲಾರಿಯ ಬ್ರೇಕ್ ಕೈಕೊಟ್ಟು ಒಬ್ಬರು ಸತ್ತಿದ್ದರು. ಬ್ರೇಕ್ ಆಯಿಲ್ ಹೋಗುವ ಪೈಪು, ಬಿಚ್ಚದೆ ಕಣ್ಣಿಗೆ ಕಾಣದ ಜಾಗದಲ್ಲಿ ತುಕ್ಕು ಹಿಡಿದು ತೂತಾಗಿತ್ತು. ಕಾಣುವಷ್ಟು ಭಾಗವನ್ನು ನಾವು ನಿಯಮಿತವಾಗಿ ನೋಡುತ್ತಿದ್ದೆವು ಎಂದರು ಮಾಲೀಕರು. ಆ ಲಾರಿ ಅದುವರೆಗೆ ಎಂಥ ಕೆಲಸದಲ್ಲಿ ಓಡಿತ್ತು, ತುಕ್ಕಿಗೆ ಕಾರಣವಾಗುವಂಥದ್ದು ಏನಾದರೂ ನಡೆದಿತ್ತೇ ಎಂಬ ಚರಿತ್ರೆಯನ್ನು ಅವರು ಒದಗಿಸಲಿಲ್ಲ ಎಂಬ ಕಾರಣಕ್ಕೇ ಹೌಸ್ ಆಫ್ ಲಾರ್ಡ್ಸ್ ಅವರನ್ನು ಹೊಣೆ ಮಾಡಿತು.

ಈ ಚರಿತ್ರೆಯನ್ನು ಬರೆಯುವವರು ಯಾರು? ಸರ್ಕಾರಿ ಬಸ್ಸುಗಳ ಡಿಪೋಗಳಲ್ಲಿ ಚಾಲಕ ಬಂದು ದೋಷ ಬರೆಸುವ ಪದ್ಧತಿ ಇದೆ. ಬರೆಸಿದ್ದು ಕಾಗದದಲ್ಲಿ ಉಳಿಯುತ್ತದೆ. ಒಂದು ಲಾರಿ, ಎರಡು ಲಾರಿ ಇಟ್ಟುಕೊಂಡ ಮಾಲೀಕರ ಬಳಿ ಅಂಥದ್ದಿಲ್ಲ. ಅಣ್ಣಾ, ಬ್ರೇಕ್ ಸ್ವಲ್ಪ ಕಡಿಮೆ ಹಿಡೀತಿದೆ ಎಂದು ಚಾಲಕ ಫೋನಿನಲ್ಲಿ ಹೇಳುತ್ತಾನೆ, ಈ ಟ್ರಿಪ್ ಮುಗಿಸಿ ಬಾ ನೋಡೋಣ ಎನ್ನುತ್ತಾರೆ ಅವರು. ಅವರು ಕೆಟ್ಟವರೆಂದಲ್ಲ, ಕಂತು ಕಟ್ಟಬೇಕು, ಲೋಡು ತಪ್ಪಿದರೆ ಬಾಡಿಗೆ ಹೋಗುತ್ತದೆ. ಆದರೆ ಆ ಮಾತು ಗಾಳಿಯಲ್ಲಿ ಹೋಗುತ್ತದೆ. ನಾಳೆ ಅಪಘಾತವಾದರೆ ಎಫ್‌ಐಆರ್‌ನಲ್ಲಿ ಬೀಳುವುದು ಚಾಲಕನ ಹೆಸರು. ನನ್ನ ಸಲಹೆ ದೊಡ್ಡದೇನಲ್ಲ. ಬಾಯಲ್ಲಿ ಹೇಳಿದ್ದನ್ನು ವಾಟ್ಸಾಪಿನಲ್ಲಿ ಬರೆದೂ ಕಳಿಸಿ, ತಾರೀಖು ತಾನಾಗಿ ದಾಖಲಾಗುತ್ತದೆ. ಮಾಲೀಕರ ಸಂಘಗಳು ಪ್ರತಿ ಲಾರಿಗೂ ಒಂದು ಬ್ರೇಕ್ ಪುಸ್ತಕ ಇಡುವಂತೆ ಮಾಡಲಿ: ಯಾವ ಚಕ್ರ, ಯಾವ ತಾರೀಖು, ಲೈನರಿನ ದಪ್ಪ ಎಷ್ಟು, ಬಿಚ್ಚಿದವರು ಯಾರು. ಮುಂದೆ ಕೋರ್ಟಿನಲ್ಲಿ ನಿಲ್ಲಬೇಕಾಗಿ ಬಂದರೆ ಮಾಲೀಕರಿಗೂ ಆ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಇರದು. ಲೋಡ್ ಹೊತ್ತು ಘಟ್ಟ ಇಳಿಯುವ ಮೊದಲು ಬ್ರೇಕ್ ನೋಡಿ ಬೇಡವೆನ್ನುವ ಹಕ್ಕು ಚಾಲಕನದು ಎಂಬ ಒಂದು ಸಾಲನ್ನು ಅದರ ಮೊದಲ ಪುಟದಲ್ಲಿ ಅಚ್ಚು ಮಾಡಿಸಲಿ. ಒಪ್ಪುವವರು ಕಡಿಮೆ ಎಂದು ಬಲ್ಲೆ. ಇನ್ಶೂರೆನ್ಸ್ ಕಂಪನಿಗಳು ಆ ಪುಸ್ತಕ ಇದ್ದವರಿಗೆ ಪ್ರೀಮಿಯಮ್ಮಿನಲ್ಲಿ ತುಸು ರಿಯಾಯಿತಿ ಕೊಟ್ಟರೆ ಒಪ್ಪುವವರ ಸಂಖ್ಯೆ ಬೇಗ ಬೆಳೆದೀತು.

ವಿದ್ಯುತ್ ಬಸ್ಸು, ಕಾರುಗಳ ಬಗ್ಗೆ ಪ್ರಶ್ನೆ ಬರಬಹುದೆಂದು ಈಗಲೇ ಹೇಳಿಬಿಡುತ್ತೇನೆ. ಅವುಗಳಲ್ಲಿ ಮೋಟರೇ ಜನರೇಟರಾಗಿ ವೇಗ ತಗ್ಗಿಸುವುದರಿಂದ ಪ್ಯಾಡು ಬಹಳ ಕಾಲ ಬರುತ್ತದೆ. ಹಾಗೆಂದು ಬಿಚ್ಚದೆ ಬಿಟ್ಟರೆ, ಬಳಕೆಯಿಲ್ಲದ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಪಿನ್ನುಗಳು ಬಿಗಿಯುತ್ತವೆ. ಸವೆಯದಿದ್ದರೂ ನೋಡಬೇಕು.

ಹೊರಗಿನ ವರಾಂಡದ ಮೇಜಿನ ಮೇಲೆ ಮುಗಿದ ಪ್ಯಾಡುಗಳು, ಹೊಸ ಪ್ಯಾಡುಗಳು, ಬಿರುಕು ಬಿಟ್ಟ ಒಂದು ಲಾರಿ ಡ್ರಮ್ಮು, ಹೊಳಪೇರಿ ಗಾಜಿನಂತಾದ ಲೈನರು ಇಟ್ಟಿದ್ದೇವೆ. ಪಕ್ಕದಲ್ಲಿ ವರ್ನಿಯರ್ ಇದೆ. ಅಳೆದು ನೋಡಿ, ಕೈ ತೊಳೆದುಕೊಂಡೇ ಚಹಾ ಕುಡಿಯಿರಿ. ಪ್ರಶ್ನೆಗಳನ್ನು ಅಲ್ಲೇ ತೆಗೆದುಕೊಳ್ಳುತ್ತೇನೆ.